ಕರಿ ಕಂಬಳಿ ಫೋಟೋದಲ್ಲೂ ಕರಿಯಾಗಿ ಕಾಣಬೇಕಲ್ಲ!

ಮೊದಲ ವರ್ಷ ನನಗೆ ನಾಲ್ಕು ಕಂಬಳಿ ವಾಪಸ್ ಬಂದವು. ನಾಲ್ಕಕ್ಕೂ ಒಂದೇ ದೂರು: "ಫೋಟೋದಲ್ಲಿ ಬೂದು ಇತ್ತು, ಬಂದಿದ್ದು ಕರೀದು." ಗಿರಾಕಿಗಳದ್ದೇನೂ ತಪ್ಪಿರಲಿಲ್ಲ. ನಾನು ಹಾಕಿದ ಫೋಟೋದಲ್ಲಿ ಕಂಬಳಿ ಒಲೆ ಬೂದಿ ಬಳಿದ ಹಾಗೇ ಇತ್ತು.

ನಮ್ಮದು ಚಳ್ಳಕೆರೆ. ಮಾವನವರು ಗುಂಡಿ ಮಗ್ಗದಲ್ಲಿ ಕುರಿ ಉಣ್ಣೆ ಕಂಬಳಿ ನೇಯುತ್ತಾರೆ. ಬಣ್ಣ ಹಾಕುವುದಿಲ್ಲ, ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬರುವ ಎಳೆಗೆ, ಹುಣಸೆ ಬೀಜದ ಗಂಜಿ ಬಳಿಯುವುದರಿಂದ ಹೊಸದು ಸ್ವಲ್ಪ ಬಿರುಸಾಗಿರುತ್ತದೆ. ಇವನ್ನು ಫೋನಿನಲ್ಲೇ ಫೋಟೋ ತೆಗೆದು ಮಾರುವುದು ನನ್ನ ಕೆಲಸ. ಆ ಬೂದು ಫೋಟೋ ತೋರಿಸಿದಾಗ ಮಾವ ಒಂದೇ ಮಾತು ಹೇಳಿದ್ದು: "ಕರೇದು ಕರೇದಾಗೇ ಕಾಣ್ಬೇಕಲ್ಲವ್ವಾ."

ಕಾರಣ ಗೊತ್ತಾಗಲು ನನಗೆ ತಿಂಗಳುಗಳೇ ಬೇಕಾದವು. ಎದುರಿಗಿರುವುದೆಲ್ಲ ಒಟ್ಟಾರೆ ನಡುಬೂದು, ಅಂದರೆ ಕರಿಗೂ ಬಿಳಿಗೂ ನಡುವಿನ ಬೂದು ಅಂತ ಅಂದುಕೊಂಡೇ ಕ್ಯಾಮೆರಾ ಬೆಳಕು ಅಳೆಯುತ್ತದೆ. ಪರದೆ ತುಂಬ ಕರಿ ಇದ್ದರೆ ಕತ್ತಲು ಜಾಸ್ತಿಯಾಯಿತು ಅಂತ ಬೆಳಕು ಏರಿಸುತ್ತದೆ. ಬಿಳಿ ಗೋಡೆ ಮುಂದೆ ಇಟ್ಟರೆ ಉಲ್ಟಾ. ಗೋಡೆ ನೋಡಿ ಬೆಳಕು ಇಳಿಸುತ್ತದೆ, ಕಂಬಳಿಯ ಎಳೆ ಒಂದೂ ಕಾಣದೆ ಬರೀ ಕರಿ ಗುಡ್ಡೆಯಾಗುತ್ತದೆ. ಈಗಿನ ಫೋನುಗಳು ಜಾಣ ಅಂತಾರೆ. ಇರಬಹುದು, ನಮ್ಮ ಉಣ್ಣೆ ಮುಂದೆ ಸೋತಿದ್ದನ್ನೇ ನಾನು ನೋಡಿದ್ದು.

ಈಗ ಹೀಗೆ ಮಾಡುತ್ತೇನೆ. ಪರದೆ ಮೇಲೆ ಕಂಬಳಿ ಇರುವ ಜಾಗವನ್ನು ಬೆರಳಿಂದ ಒತ್ತಿ ಹಿಡಿಯುತ್ತೇನೆ. ಫೋಕಸ್, ಬೆಳಕು ಎರಡೂ ಅಲ್ಲಿಗೇ ಲಾಕ್ ಆಗಿ, ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಮೆಲ್ಲಗೆ ಕೆಳಗೆ ಎಳೆಯುತ್ತೇನೆ. ಫೋನನ್ನು ಕಂಬಳಿ ಪಕ್ಕಕ್ಕೇ ಹಿಡಿದು ಎರಡನ್ನೂ ನೋಡುತ್ತೇನೆ. ಎರಡೂ ಒಂದೇ ಕರಿ ಅನ್ನಿಸಿದ ಮೇಲೇ ಕ್ಲಿಕ್. ಇದಕ್ಕೆ ಮೊದಲು ಫೋನಿನ ಆಟೋ ಬ್ರೈಟ್‌ನೆಸ್ ಆಫ್ ಆಗಿರಬೇಕು. ಇಲ್ಲದಿದ್ದರೆ ಪರದೆಯೇ ಏರಿಳಿದು ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಇದೊಂದು ಗೊತ್ತಿಲ್ಲದೆ ಒಂದು ಇಡೀ ದಿನದ ಫೋಟೋ ದಂಡವಾಗಿವೆ.

ಇನ್ನು ಬೆಳಕು. ಉತ್ತರದ ಕಿಟಕಿ ಒಳ್ಳೆಯದು, ನೇರ ಬಿಸಿಲು ಬೀಳುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಮೇ ತಿಂಗಳಲ್ಲಿ ನೋಡಿದರೆ ಅದೇ ಕಿಟಕಿಯಿಂದ ಬಿಸಿಲಿನ ಪಟ್ಟೆ ಕಂಬಳಿ ಮೇಲೆ ಬಿದ್ದಿದೆ! ಆಮೇಲೆ ಹೊಳೆಯಿತು. ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಉತ್ತರದ ಕಿಟಕಿಯ ಆ ಮಾತು ನಮಗಿಂತ ತುಂಬ ಉತ್ತರದಲ್ಲಿರುವ ಊರುಗಳದ್ದು. ಆ ತಿಂಗಳುಗಳಲ್ಲಿ ಕಿಟಕಿಗೆ ಮಾವನವರ ಹಳೇ ಬಿಳಿ ಪಂಚೆ ಕಟ್ಟುತ್ತೇನೆ. ಬಿಸಿಲು ಸೋಸಿ ಬರುತ್ತದೆ.

ಟ್ಯೂಬ್‌ಲೈಟ್, ಫ್ಲ್ಯಾಶ್ ಎರಡೂ ಆಫ್. ಕಿಟಕಿ ಬೆಳಕಿನ ಜೊತೆ ಬಲ್ಬಿನ ಬೆಳಕು ಸೇರಿದರೆ ಕಂಬಳಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ.

ಬೆಳಕು ಮುಂದಿನಿಂದ ಬಿದ್ದರೆ ನೇಯ್ಗೆ ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೇ ಕಂಬಳಿಯನ್ನು ಕಿಟಕಿಗೆ ಅಡ್ಡಲಾಗಿ ಹಾಸುತ್ತೇನೆ. ಬೆಳಕು ಪಕ್ಕದಿಂದ ಸವರಿಕೊಂಡು ಹೋದಾಗ ಒಂದೊಂದು ಎಳೆಗೂ ಸಣ್ಣ ನೆರಳು ಬೀಳುತ್ತದೆ. ಕೈಯಲ್ಲಿ ಮುಟ್ಟಿದ ಹಾಗೆ ಕಾಣುವುದು ಆಗಲೇ. ನೆರಳು ತೀರಾ ಗಾಢವಾದರೆ ಎದುರು ಬದಿಗೆ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಸಾಕು. ಹಿನ್ನೆಲೆಗೆ ಜಗಲಿಯಿಂದ ತೆಗೆದಿಟ್ಟಿದ್ದ ಒಂದು ಹಳೇ ಕಲ್ಲು ಚಪ್ಪಡಿ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೇನು ಬರ! ಆ ಕಲ್ಲಿನ ಬಣ್ಣವೇ ನಡುಬೂದು, ಕ್ಯಾಮೆರಾಗೂ ಲೆಕ್ಕ ತಪ್ಪುವುದಿಲ್ಲ. ಅಮೆಜಾನ್‌ನಂಥ ಕಡೆ ಮಾತ್ರ ಮೊದಲ ಫೋಟೋಗೆ ಅಪ್ಪಟ ಬಿಳಿ ಹಿನ್ನೆಲೆಯೇ ಬೇಕು. ಅಲ್ಲಿಗೆ ಬೇರೆ ತೆಗೆಯುತ್ತೇನೆ, ಬೆಳಕನ್ನು ಕಂಬಳಿಗೆ ಲಾಕ್ ಮಾಡಿ.

ಅಳತೆಯನ್ನು ಅಡಿ ಲೆಕ್ಕದಲ್ಲಿ ಬರೆದರೂ "ಎಷ್ಟು ದೊಡ್ಡದು ಅಕ್ಕಾ?" ಅಂತ ಮೆಸೇಜ್ ಬರುತ್ತಲೇ ಇತ್ತು. ಒಂದು ದಿನ ಮಾವ ಜಿಟಿಜಿಟಿ ಮಳೆಗೆ ಕಂಬಳಿ ಮಡಿಚಿ ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡು ಹಿತ್ತಿಲಿಗೆ ಹೊರಟಿದ್ದರು. ನಿಲ್ಲಿಸಿ ಒಂದು ಫೋಟೋ ತೆಗೆದೆ. ಮುಖ ಬೇಡ ಅಂದರು, ಬೆನ್ನು ಕಡೆಯಿಂದ ತೆಗೆದೆ. ಆ ಪ್ರಶ್ನೆ ಅಲ್ಲಿಗೆ ನಿಂತಿತು.

ಫೋಟೋಗೆ ಮುಂಚೆ ಲೆನ್ಸ್ ಒರೆಸುವುದನ್ನು ಮರೆಯಬೇಡಿ. ಉಣ್ಣೆ ಕೆಲಸದ ಮನೆಯಲ್ಲಿ ಎಲ್ಲದರ ಮೇಲೂ ತುಪ್ಪಳ.

ಇನ್ನೊಂದು ವಿಷಯ. ಕೈಯಲ್ಲಿ ನೂತ ಉಣ್ಣೆಯಲ್ಲಿ ಹುಲ್ಲುಕಡ್ಡಿ ಸಿಕ್ಕಿಕೊಂಡಿರುತ್ತದೆ. ಮೊದಲು ಅಂಥ ಜಾಗ ಮಡಿಚಿ ಮುಚ್ಚುತ್ತಿದ್ದೆ. ಈಗ ಅದನ್ನೇ ಹತ್ತಿರದಿಂದ ತೆಗೆದು ಹಾಕುತ್ತೇನೆ. ಅದನ್ನು ನೋಡಿ ಧಾರವಾಡದಿಂದ ಒಬ್ಬರು ಫೋನ್ ಮಾಡಿದ್ದರು, "ಇನ್ನೂ ಒಂದೆರಡು ಫೋಟೋ ಕಳಸ್ರಿ, ಕಡ್ಡಿ ಇದ್ದದ್ದ ಬೇಕು." ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದೆ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಕಡ್ಡಿ ಯಾವುದು ಎಳೆ ಯಾವುದು ಗೊತ್ತಾಗುವುದಿಲ್ಲ.