ಲಘು ವಿಮಾನ ಪತನ: ಎಂಜಿನ್ ಕೈಕೊಟ್ಟಿತೇ ಎಂಬುದನ್ನು ಪತ್ತೆಹಚ್ಚುವ ಬಗೆ

ಒಂದೇ ಪಿಸ್ಟನ್ ಎಂಜಿನ್ ಇರುವ ಪುಟ್ಟ ವಿಮಾನ ಬಿದ್ದಾಗ ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು ‘ಎಂಜಿನ್ ನಿಂತುಹೋಯಿತಂತೆ’ ಎಂಬುದು. ತನಿಖೆಗೆ ಇಳಿದವರು ಈ ಮಾತನ್ನು ಹೇಳಿಕೆಯಾಗಿ ಬರೆದಿಟ್ಟುಕೊಳ್ಳಬೇಕೇ ಹೊರತು ಅದನ್ನೇ ತೀರ್ಮಾನವೆಂದು ಹಿಡಿದು ಹೊರಡಬಾರದು. ನೆಲಕ್ಕೆ ಬಡಿದ ಕ್ಷಣದಲ್ಲಿ ಎಂಜಿನ್ ಶಕ್ತಿ ಕೊಡುತ್ತಿತ್ತೇ ಎಂಬುದು ಒಂದು ಪ್ರಶ್ನೆ. ಕೊಡುತ್ತಿರಲಿಲ್ಲವಾದರೆ ಏಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸ್ಥಳದಲ್ಲಿ ಸಿಗುವ ಸಾಕ್ಷ್ಯವನ್ನೆಲ್ಲ ದಾಖಲಿಸುವ ಮುನ್ನ ಎಂಜಿನ್ ಬಿಚ್ಚಲು ಕೈಹಾಕುವುದು ತಪ್ಪು.

ಸ್ಥಳದಲ್ಲಿ ಎಲ್ಲಕ್ಕಿಂತ ಬೇಗ ಕಳೆದುಹೋಗುವ ಸಾಕ್ಷ್ಯ ಇಂಧನ. ಟ್ಯಾಂಕ್ ಒಡೆದಿದ್ದರೂ ಸುತ್ತ ಪೆಟ್ರೋಲಿನ ವಾಸನೆ ಇಲ್ಲದಿದ್ದರೆ, ಹುಲ್ಲು ಬಾಡಿಲ್ಲದಿದ್ದರೆ, ಇಂಧನ ಮುಗಿದಿತ್ತೇ ಎಂದು ಕೇಳಲೇಬೇಕಾಗುತ್ತದೆ. ಉಳಿದಿದ್ದರೆ ಗಾಜಿನ ಶೀಶೆಯಲ್ಲಿ ಮಾದರಿ ಹಿಡಿಯಿರಿ: ಇಂಥ ವಿಮಾನಗಳ ಪೆಟ್ರೋಲಾದ ಏವ್‌ಗ್ಯಾಸ್ 100ಎಲ್ಎಲ್ ತಿಳಿನೀಲಿ ಬಣ್ಣದ್ದು, ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ವಿಮಾನಕ್ಕೆ ಇಂಧನ ತುಂಬಿದ ಬೌಸರ್‌ನಿಂದಲೂ (ಟ್ಯಾಂಕರ್ ವಾಹನ) ಮಾದರಿ ತೆಗೆಸುವುದನ್ನು ಮರೆಯಬಾರದು. ಯಾವ ಟ್ಯಾಂಕಿನಿಂದ ಇಂಧನ ಬರಬೇಕೆಂದು ಆರಿಸುವ ಸೆಲೆಕ್ಟರ್, ಶಕ್ತಿ ಏರಿಳಿಸುವ ಥ್ರಾಟಲ್, ಗಾಳಿ-ಇಂಧನದ ಪ್ರಮಾಣ ಹೊಂದಿಸುವ ಮಿಕ್ಸ್‌ಚರ್, ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರಿಗೆ ಬಿಸಿಗಾಳಿ ಹಾಯಿಸುವ ಕಾರ್ಬ್ಯುರೇಟರ್ ಹೀಟ್, ಪ್ಲಗ್‌ಗಳಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊದ ಸ್ವಿಚ್ ಇವುಗಳ ಸ್ಥಿತಿಯನ್ನು ಮುಟ್ಟುವ ಮೊದಲೇ ಫೋಟೊ ತೆಗೆಯಬೇಕು. ಆದರೆ ಎಂಜಿನ್ ಕಿತ್ತುಕೊಂಡು ಹೋಗುವಾಗ ಕೇಬಲ್‌ಗಳು ಎಳೆದು ಲಿವರ್‌ಗಳು ಜಾಗ ಬದಲಿಸಿರುತ್ತವೆ. ಗಾಯಾಳುಗಳನ್ನು ಹೊರತೆಗೆದವರು ಸ್ವಿಚ್ ಆರಿಸಿರುವುದೂ ಉಂಟು. ಅವರನ್ನು ಕೇಳದೆ ಲಿವರ್ ಕಂಡ ಸ್ಥಿತಿಯನ್ನು ನಂಬಬಾರದು.

ಮೊದಲ ಪ್ರಶ್ನೆಗೆ ಅತ್ಯಂತ ಒಳ್ಳೆಯ ಸಾಕ್ಷಿ ಪ್ರೊಪೆಲ್ಲರ್. ಶಕ್ತಿಯಿಂದ ತಿರುಗುತ್ತಿದ್ದ ಲೋಹದ ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಎರಡೂ ಬ್ಲೇಡುಗಳಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಪೆಟ್ಟಾಗಿರುತ್ತದೆ: ಬ್ಲೇಡಿನ ಅಗಲಕ್ಕೆ ಅಡ್ಡಡ್ಡ ಗೀರುಗಳು, ಮುಂಚೂಣಿ ಅಂಚಿನಲ್ಲಿ ಕಚ್ಚುಗಳು, ತಿರುಚಿಕೊಂಡ ತುದಿ, ಕೆಲವೊಮ್ಮೆ ಇಂಗ್ಲಿಷಿನ ‘ಎಸ್’ ಅಕ್ಷರದಂಥ ಬಾಗು. ನಿಂತಿದ್ದ ಪ್ರೊಪೆಲ್ಲರ್‌ನಲ್ಲಿ ಕೆಳಗಿದ್ದ ಬ್ಲೇಡು ಮಾತ್ರ ಹಿಂದಕ್ಕೆ ಮಡಚಿ, ಇನ್ನೊಂದು ಬಹುಮಟ್ಟಿಗೆ ನೆಟ್ಟಗೇ ಉಳಿದಿರುತ್ತದೆ. ಕಷ್ಟವಿರುವುದು ಇವೆರಡರ ನಡುವೆ: ಎಂಜಿನ್ ಸತ್ತಿದ್ದರೂ ಗಾಳಿಯ ಬಲಕ್ಕೆ ಪ್ರೊಪೆಲ್ಲರ್ ತಿರುಗುತ್ತಲೇ ಇರಬಹುದು, ಆದ್ದರಿಂದ ನಾಲ್ಕಾರು ಗೀರು ಕಂಡ ಮಾತ್ರಕ್ಕೆ ‘ಶಕ್ತಿ ಇತ್ತು’ ಎಂದು ಬರೆಯಲಾಗದು.

ನೆಲದ ಮೇಲೆ ಬ್ಲೇಡುಗಳು ಸಾಲಾಗಿ ಕೊಚ್ಚಿದ ಗುರುತುಗಳಿದ್ದರೆ ಟೇಪು ಹಿಡಿದು ಅಳೆಯಿರಿ. ಎರಡು ಬ್ಲೇಡಿನ ಪ್ರೊಪೆಲ್ಲರ್ ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 80 ಪೆಟ್ಟು ಬೀಳುತ್ತವೆ. ಗುರುತುಗಳ ನಡುವೆ 50 ಸೆಂಟಿಮೀಟರ್ ಅಂತರವಿದ್ದರೆ ವಿಮಾನದ ವೇಗ ಸೆಕೆಂಡಿಗೆ 40 ಮೀಟರ್, ಅಂದರೆ ಗಂಟೆಗೆ 144 ಕಿಲೋಮೀಟರ್. ಜಿಪಿಎಸ್‌ನಿಂದ ವೇಗ ಗೊತ್ತಿದ್ದರೆ ಇದೇ ಲೆಕ್ಕವನ್ನು ತಿರುಗಿಸಿ ಸುತ್ತುಗಳ ಸಂಖ್ಯೆ ಪಡೆಯಬಹುದು. ಯಾರದಾದರೂ ಮೊಬೈಲ್ ವಿಡಿಯೊದಲ್ಲಿ ಸದ್ದು ದಾಖಲಾಗಿದ್ದರೆ ಅದರ ಆವರ್ತನದಿಂದಲೂ ಇದನ್ನು ತಾಳೆ ನೋಡಬಹುದು.

ಎಂಜಿನ್ ಬಿಚ್ಚುವ ಸರದಿ ಇದಾದ ಮೇಲೆ. ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಬೇಕು, ಏಕೆಂದರೆ ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ. ಕೈಯಿಂದ ತಿರುಗಿಸಿದರೂ ಕಿಡಿ ಹಾರಿ ಸಿಲಿಂಡರ್ ಹೊತ್ತಿಕೊಂಡೀತು. ಪ್ಲಗ್‌ನ ತುದಿ ಬೂದು ಅಥವಾ ತೆಳು ಕಂದು ಬಣ್ಣದಲ್ಲಿದ್ದರೆ ದಹನ ಸರಿಯಿತ್ತೆಂದೂ ಒಣ ಕಪ್ಪು ಮಸಿಯಿದ್ದರೆ ಇಂಧನ ಹೆಚ್ಚಾಗಿತ್ತೆಂದೂ ಊಹಿಸಬಹುದು. ಬಳಿಕ ಪ್ರೊಪೆಲ್ಲರನ್ನು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ತಿರುಗಿಸಿ, ಪ್ಲಗ್ ರಂಧ್ರಕ್ಕೆ ಹೆಬ್ಬೆರಳೊತ್ತಿ ಪ್ರತಿ ಸಿಲಿಂಡರಿನ ಒತ್ತಡವನ್ನೂ, ವಾಲ್ವುಗಳು ಏರಿಳಿಯುವುದನ್ನೂ ನೋಡಬೇಕು. ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ಹುಡುಕಬೇಕು. ಎರಡು ಮ್ಯಾಗ್ನೆಟೊಗಳೂ ಒಟ್ಟಿಗೆ ಕೆಡುವುದು ಅಪರೂಪ, ಆದರೂ ಎರಡನ್ನೂ ಪರೀಕ್ಷಿಸಬೇಕು.

ಕಾರ್ಬ್ಯುರೇಟರನ್ನು ಕೊನೆಯ ತಿರುಪಿನವರೆಗೂ ಬಿಚ್ಚಿ ನೋಡಬೇಕೆನ್ನುವುದಕ್ಕೆ 2015ರ ಮಾರ್ಚ್ 5ರ ಪ್ರಕರಣವೇ ಸಾಕು. ನಟ ಹ್ಯಾರಿಸನ್ ಫೋರ್ಡ್ ಹಾರಿಸುತ್ತಿದ್ದ 1942ರ ರಯಾನ್ ವಿಮಾನ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಮೇಲೇರುವಾಗ ಶಕ್ತಿ ಕಳೆದುಕೊಂಡು ಗಾಲ್ಫ್ ಮೈದಾನಕ್ಕೆ ಬಿತ್ತು. ಕಾರ್ಬ್ಯುರೇಟರಿನೊಳಗೆ ಇಂಧನವನ್ನು ಅಳೆದು ಬಿಡುವ ಸಣ್ಣ ತೂತಿನ ಭಾಗವಾದ ಮುಖ್ಯ ಜೆಟ್ ತನ್ನ ಜಾಗದಿಂದ ಸಡಿಲಗೊಂಡು, ಗಾಳಿಗೆ ವಿಪರೀತ ಇಂಧನ ಬೆರೆತದ್ದೇ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಂಡುಕೊಂಡಿತು. ಹೊರಗಿನಿಂದ ನೋಡಿ ಮುಗಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಏನೂ ಸಿಗದ ಎಂಜಿನ್‌ಗಳೂ ಇವೆ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಅಲ್ಲಿಯೇ. ಕಾರ್ಬ್ಯುರೇಟರಿನಲ್ಲಿ ಕಟ್ಟಿದ ಮಂಜುಗಡ್ಡೆ ಎಂಜಿನ್ನನ್ನು ನಿಲ್ಲಿಸಿ, ತನಿಖಾಧಿಕಾರಿ ತಲುಪುವಷ್ಟರಲ್ಲಿ ಕರಗಿಹೋಗಿರುತ್ತದೆ. ತಾಪಮಾನ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ, ತೇವಾಂಶ ಶೇ 80ಕ್ಕಿಂತ ಹೆಚ್ಚು ಇದ್ದಾಗ ಇದರ ಸಂಭವ ಅತಿ ಹೆಚ್ಚು. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ಮಳೆಗಾಲದ ಮುಂಜಾವು ಇದಕ್ಕೆ ದೂರವೇನಲ್ಲ. ಆದ್ದರಿಂದ ಆ ಹೊತ್ತಿನ ಹವಾಮಾನದ ದಾಖಲೆ ತರಿಸಿಕೊಂಡು, ಪೈಲಟ್ ಕಾರ್ಬ್ಯುರೇಟರ್ ಹೀಟ್ ಬಳಸಿದ್ದರೇ ಎಂದು ವಿಚಾರಿಸಬೇಕು. ದೋಷ ಕಾಣದಿದ್ದರೆ ‘ಎಂಜಿನ್ ಸರಿಯಿತ್ತು’ ಎಂದು ಬರೆಯದೆ, ಯಾವ ಭಾಗಗಳನ್ನು ಪರೀಕ್ಷಿಸಲಾಯಿತು, ಯಾವುವು ಸುಟ್ಟುಹೋಗಿ ಪರೀಕ್ಷೆಗೆ ಒದಗಲಿಲ್ಲ, ಯಾವ ಕಾರಣವನ್ನು ಯಾವ ಆಧಾರದ ಮೇಲೆ ಕೈಬಿಡಲಾಯಿತು ಎಂಬುದನ್ನು ಒಂದೊಂದಾಗಿ ವರದಿಯಲ್ಲಿ ನಮೂದಿಸಬೇಕು.