ವಿಮಾನದಲ್ಲಿ ಕಾಲು ಊದುವುದು ನಿಂತದ್ದು ಹೀಗೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಾನು ಹೋದ ನೇರ ವಿಮಾನದಲ್ಲಿ ಸುಮಾರು 16 ಗಂಟೆ ಹಿಡಿಯುತ್ತಿತ್ತು. ಇಳಿಯುವಾಗ ಎರಡೂ ಪಾದ ಊದಿ ಶೂ ಹಿಡಿಸುತ್ತಿರಲಿಲ್ಲ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಮೂರು ಸಲವೂ ಇದೇ ಕಥೆ.

ಒಂದು ಸೈಜ್ ದೊಡ್ಡ ಶೂ ತೆಗೆದುಕೊಂಡೆ, ಪ್ರಯೋಜನವಾಗಲಿಲ್ಲ. ಕಾಫಿ ಬಿಟ್ಟು ನೀರು ಜಾಸ್ತಿ ಕುಡಿದೆ. ಬಾಯಿ ಒಣಗುವುದು ಕಡಿಮೆಯಾಯಿತು, ಕಾಲು ಹಾಗೇ ಇತ್ತು. (ಕೊಡಗಿನವರಿಗೆ ಕಾಫಿ ಬಿಡು ಅನ್ನುವುದು ಸುಮ್ನೆ ಶಿಕ್ಷೆ.) ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಫ್ರೀ ಸೈಜ್ ಕಂಪ್ರೆಷನ್ ಸಾಕ್ಸನ್ನು ವಿಮಾನ ಹತ್ತಿದ ಮೇಲೆ ಹಾಕಿದೆ. ಮಂಡಿಯ ಕೆಳಗೆ ಗೆರೆ ಬಿತ್ತು, ಅಷ್ಟೇ.

ತಪ್ಪಿದ್ದು ಹಾಕುವ ಹೊತ್ತಿನಲ್ಲಿ. ಮಡಿಕೇರಿಯಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ 6-7 ಗಂಟೆ, ಅಲ್ಲಿ ಮತ್ತೆ 3 ಗಂಟೆ ಕಾಯಬೇಕು. ಹತ್ತುವ ಮೊದಲೇ ಕಾಲು ಊದಿರುತ್ತದೆ ಅಲ್ವಾ?

ಮುಂದಿನ ಸಲ ಹೊರಡುವ ಹಿಂದಿನ ದಿನ ಬೆಳಗ್ಗೆ ಎದ್ದ ತಕ್ಷಣ ಟೇಪಿನಲ್ಲಿ ಎರಡು ಅಳತೆ ತೆಗೆದೆ: ಹರಡಿನ ಗಂಟಿನ ಮೇಲೆ ಕಾಲು ತೀರ ಸಣ್ಣಗಿರುವ ಜಾಗ, ಮೀನಖಂಡ ತೀರ ದಪ್ಪಗಿರುವ ಜಾಗ. ಪೊಟ್ಟಣದ ಮೇಲಿನ ಪಟ್ಟಿ ನೋಡಿ ಅದೇ ಸೈಜಿನದು ತಂದೆ. ಮಂಡಿಯವರೆಗಿನದು, ಒತ್ತಡ, ಬಿಪಿ ಅಳೆಯುವ ಲೆಕ್ಕದಲ್ಲೇ, 15-20 ಎಂಎಂ ಎಚ್‌ಜಿ. ಹೊರಡುವ ದಿನ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಂಡೆ. ಮೇಲಿನ ಅಂಚು ಮಡಚಬಾರದು, ಮಡಚಿದರೆ ಅಲ್ಲೇ ಬಿಗಿಯುತ್ತದೆ. ಕುಶಾಲನಗರ ದಾಟಿದ ಮೇಲೆ ಎರಡು ಕಡೆ ಇಳಿದು ನಡೆದೆ. ವಿಮಾನದಲ್ಲಿ ಬ್ಯಾಗನ್ನು ಮೇಲಿಟ್ಟು ಕಾಲಿಗೆ ಜಾಗ ಬಿಟ್ಟೆ. ಎಚ್ಚರವಿದ್ದಾಗ ಗಂಟೆಗೊಮ್ಮೆ ಕೂತಲ್ಲೇ ಹಿಮ್ಮಡಿ 30 ಸಲ ಎತ್ತಿಳಿಸಿದೆ. ಮೀನಖಂಡ ಹಿಂಡಿದಾಗ ಕಾಲಿನ ರಕ್ತ ಚೆನ್ನಾಗಿ ಮೇಲೇರುತ್ತದೆ.

ಇಳಿಯುವಾಗ ಹಳೇ ಶೂ ಸರಿಯಾಗಿ ಕೂತಿತು.

ಸಕ್ಕರೆ ಕಾಯಿಲೆ ಅಥವಾ ಕಾಲಿನ ರಕ್ತನಾಳದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಈ ಸಾಕ್ಸ್ ಹಾಕಬೇಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ಬೇರೆ ವಿಷಯ, ತಕ್ಷಣ ಆಸ್ಪತ್ರೆಗೆ ಹೋಗಿ.