ಚಿಗರಿಗೆ 600 ಮಿ.ಮೀ. ಲೆನ್ಸ್: ಎರೆ ಹೊಲದ ಹವೆ ಮತ್ತು ದೂರದ ಲೆಕ್ಕ

600 ಮಿ.ಮೀ. ಲೆನ್ಸ್ ಕೊಂಡವರು ಮಾಡುವ ಮೊದಲ ತಪ್ಪು, ದೂರ ನಿಂತು ತೆಗೆಯುವುದು. ‘ಇಷ್ಟು ಉದ್ದದ ಲೆನ್ಸ್ ಇದೆಯಲ್ಲ, ಹತ್ತಿರ ಹೋಗುವುದು ಯಾಕೆ’ ಎಂಬ ಲೆಕ್ಕ. ಕಲಬುರಗಿ, ಬೀದರ್, ಯಾದಗಿರಿಯ ಬಯಲಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಉದ್ದ ಲೆನ್ಸ್ ಬೇಕಾಗುವುದು 200 ಮೀಟರ್ ದೂರದ ಪ್ರಾಣಿಗಲ್ಲ, 60 ಮೀಟರಿನಲ್ಲಿ ಬೆದರದೆ ಮೇಯುತ್ತಿರುವ ಪ್ರಾಣಿಗೆ.

ನಮ್ಮ ಕಡೆ ಹೊಲದಾಗ ಕಾಣುವ ಚಿಗರಿ ಬಹುತೇಕ ಕೃಷ್ಣಮೃಗ. ಖರೇ ಹೇಳಬೇಕೆಂದರೆ ಇದು ಜಿಂಕೆಯಲ್ಲ, ಹುಲ್ಲೆಯ ಜಾತಿ. ಕೊಂಬು ಕವಲೊಡೆಯುವುದಿಲ್ಲ, ಚುಕ್ಕೆ ಜಿಂಕೆಯದರಂತೆ ವರ್ಷಕ್ಕೊಮ್ಮೆ ಉದುರುವುದೂ ಇಲ್ಲ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬೇ ಇರುವುದಿಲ್ಲ. ಫೋಟೊ ತೆಗೆಯುವವನಿಗೆ ಈ ವ್ಯತ್ಯಾಸ ಬರೀ ಪುಸ್ತಕದ ಮಾತಲ್ಲ. ಚುಕ್ಕೆ ಜಿಂಕೆ ಗಿಡದ ಮರೆ ನೆಚ್ಚಿಕೊಳ್ಳುತ್ತದೆ. ಚಿಗರಿ ಬಯಲನ್ನು, ತನ್ನ ಕಣ್ಣನ್ನು, ಕಾಲನ್ನು ನೆಚ್ಚಿಕೊಳ್ಳುತ್ತದೆ. ಅದಕ್ಕೆ ಮರೆ ಇಲ್ಲದಿದ್ದ ಮೇಲೆ ನಮಗೂ ಇಲ್ಲ.

ದೂರದ ಲೆಕ್ಕ ಸರಳ: ಪ್ರಾಣಿಯ ಉದ್ದವನ್ನು ಲೆನ್ಸಿನ ಮಿ.ಮೀ.ಯಿಂದ ಗುಣಿಸಿ, ದೂರದಿಂದ ಭಾಗಿಸಿದರೆ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಮೇಲೆ ಬೀಳುವ ಬಿಂಬದ ಅಳತೆ ಬರುತ್ತದೆ. ಚಿಗರಿಯ ಮೈ ಸುಮಾರು 1.2 ಮೀಟರ್ ಎಂದು ಹಿಡಿಯಿರಿ. 600 ಮಿ.ಮೀ.ನಲ್ಲಿ 200 ಮೀಟರಿಗೆ ಬಿಂಬ 3.6 ಮಿ.ಮೀ., 100 ಮೀಟರಿಗೆ 7.2, 60 ಮೀಟರಿಗೆ 12. ಫುಲ್‌ಫ್ರೇಮಿಗಿಂತ ಸಣ್ಣದಾದ ಕ್ರಾಪ್ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ. ಅಂದರೆ 60 ಮೀಟರಿನಲ್ಲಿ ಪ್ರಾಣಿ ಚೌಕಟ್ಟಿನ ಅರ್ಧ ತುಂಬುತ್ತದೆ, ಕೊಂಬಿಗೂ ಮುಂದಿನ ಹೆಜ್ಜೆಗೂ ಜಾಗ ಉಳಿಯುತ್ತದೆ. 200 ಮೀಟರಿನಲ್ಲಿ ಅದು ಆರರಲ್ಲಿ ಒಂದು ಪಾಲೂ ಆಗುವುದಿಲ್ಲ. ಕತ್ತರಿಸಿ ದೊಡ್ಡದು ಮಾಡಬಹುದು, ಆದರೆ ನಡುವೆ ಕುದಿಯುವ 200 ಮೀಟರ್ ಹವೆಯೂ ಅದರ ಜೊತೆಗೇ ದೊಡ್ಡದಾಗುತ್ತದೆ.

ಈ ಹವೆಯೇ ನಮ್ಮ ಸೀಮೆಯ ನಿಜವಾದ ತೊಂದರೆ. ಎರೆ ಮಣ್ಣು ಕಪ್ಪು. ಬಿಸಿಲನ್ನು ಹೀರಿ ಬೇಗ ಕಾಯುತ್ತದೆ. ನೆಲಕ್ಕೆ ತಾಗಿದ ಹವೆ ಬಿಸಿಯಾಗಿ ಮೇಲೇಳುತ್ತದೆ, ತಂಪು ಹವೆ ಕೆಳಗಿಳಿಯುತ್ತದೆ, ಎರಡರ ನಡುವೆ ಹಾದುಬರುವ ಬೆಳಕು ಕ್ಷಣಕ್ಕೊಂದು ಕಡೆ ಬಾಗುತ್ತದೆ. ಚಿತ್ರದಲ್ಲಿ ಕೂದಲು ಹತ್ತಿಯಂತಾಗುತ್ತದೆ, ಕೊಂಬಿನ ಉಂಗುರ ಕರಗುತ್ತದೆ, ಕಣ್ಣಿನ ಸುತ್ತಲಿನ ಬಿಳಿ ಬಳೆ ಹರಡುತ್ತದೆ. ಷಟರ್ ವೇಗ ಏರಿಸಿದರೆ ಇದು ಹೋಗುವುದಿಲ್ಲ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಕಿರಿದು ಮಾಡಿದರೂ ಹೋಗುವುದಿಲ್ಲ. ಲೆನ್ಸ್ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಿದವರೂ ಇದ್ದಾರೆ. ಪರೀಕ್ಷೆ ಸುಲಭ: ಅಲುಗದೆ ನಿಂತ ಪ್ರಾಣಿಯ ಮೇಲೆ ಒಂದೇ ಸಮನೆ ಹನ್ನೆರಡು ಚಿತ್ರ ತೆಗೆದು, ಪೂರ್ತಿ ಹಿಗ್ಗಿಸಿ ನೋಡಿ. ಒಂದರಲ್ಲಿ ಕಿವಿ ಚೂಪು, ಮುಂದಿನದರಲ್ಲಿ ಮಸುಕು, ಅದರ ಮುಂದಿನದರಲ್ಲಿ ಕೊಂಬೇ ವಕ್ರ ಎಂದಾದರೆ ತಪ್ಪು ಹವೆಯದು. ಹನ್ನೆರಡೂ ಒಂದೇ ಥರ ಮಸುಕಾಗಿದ್ದರೆ ಮಾತ್ರ ಫೋಕಸ್ ಅನುಮಾನಿಸಿ.

ಹಾಗಾಗಿ ಗಡಿಯಾರವೇ ಮೊದಲ ಸಲಕರಣೆ. ಜನವರಿಯಲ್ಲಿ ಬೀದರ್ ಕಡೆ ಸೂರ್ಯ ಮೂಡುವುದು 6.50ರ ಸುಮಾರಿಗೆ, 9.30ರ ತನಕ ಕೆಲಸ ನಡೆಯುತ್ತದೆ. ಏಪ್ರಿಲ್ ಮಧ್ಯದಲ್ಲಿ 6.05ಕ್ಕೆ ಮೂಡುತ್ತದೆ, 7.45ಕ್ಕೆ ನಾನು ಕ್ಯಾಮೆರಾ ಚೀಲಕ್ಕೆ ಹಾಕುತ್ತೇನೆ. ಮೋಡ ಕವಿದ ದಿನ ಇನ್ನೂ ಒಂದು ತಾಸು ಸಿಗುತ್ತದೆ. ಸಂಜೆಗಿಂತ ಮುಂಜಾನೆ ಮೇಲು, ಯಾಕೆಂದರೆ ದಿನವಿಡೀ ಕಾದ ನೆಲ ಹೊತ್ತು ಮುಳುಗುವ ಹೊತ್ತಿಗೂ ಬಿಸಿ ಬಿಡುತ್ತಲೇ ಇರುತ್ತದೆ. ನೆಲವನ್ನೂ ಆರಿಸಿಕೊಳ್ಳಬಹುದು: ನೇಗಿಲು ಹೊಡೆದ ಬರಿ ಎರೆಯ ಮೇಲೆ ಕುದಿತ ಜಾಸ್ತಿ, ಹಸಿರು ಕಡಲೆ ಹೊಲದ ಮೇಲೆ ಕಡಿಮೆ. ಇಬ್ಬನಿ ಆರದ ಹುಲ್ಲಿನ ಮಡ್ಡಿ (ಬೀಳು ನೆಲ) ಇನ್ನೂ ಒಳ್ಳೆಯದು.

ಕುದಿಯುವ ಹವೆ ಹೊಲದಲ್ಲಷ್ಟೇ ಇರುವುದಿಲ್ಲ, ನಮ್ಮ ಕಾರಿನಲ್ಲೂ ಇರುತ್ತದೆ. ಎ.ಸಿ. ಹಾಕಿ ಬಂದು ಕಿಟಕಿ ಇಳಿಸಿದ ಕೂಡಲೇ ತೆಗೆದ ಚಿತ್ರ ಮಸುಕಾಗುವುದು ಒಳಗಿನ ತಂಪು ಮತ್ತು ಹೊರಗಿನ ಬಿಸಿ ಲೆನ್ಸಿನ ಬಾಯಲ್ಲೇ ಕೂಡುವುದರಿಂದ. ಸ್ಥಳ ಇನ್ನೂ ಕಾಲು ತಾಸು ಇರುವಾಗಲೇ ಎ.ಸಿ. ಆರಿಸಿ ಎಲ್ಲಾ ಕಿಟಕಿ ಇಳಿಸಿ. ಬಾನೆಟ್ ಮೇಲಿಂದ ಎಂದೂ ಗುರಿ ಹಿಡಿಯಬೇಡಿ. ಚಳಿಗಾಲದಲ್ಲಿ ಉಲ್ಟಾ: ಬೆಚ್ಚನೆ ಮನೆಯಿಂದ ತಂದ ಲೆನ್ಸಿನ ಹುಡ್ ಒಳಗಿನ ಹವೆ ಅರ್ಧ ತಾಸು ಸುಳಿಯುತ್ತದೆ. ಚೀಲದ ಜಿಪ್ ದಾರಿಯಲ್ಲೇ ತೆರೆದಿಡುವುದು ಒಳ್ಳೆಯದು.

ಕಾರಿನ ಕಿಟಕಿಗೆ ಟ್ರೈಪಾಡ್ ಒಗ್ಗುವುದಿಲ್ಲ. ಚೀಲ ಬೇಕು. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ತೊಡೆಯಿಂದ 45 ಸೆಂ.ಮೀ. ಕತ್ತರಿಸಿ, ಒಂದು ಬಾಯಿ ಎರಡು ಸಾಲು ಹೊಲಿದು, ಇನ್ನೊಂದಕ್ಕೆ ಜಿಪ್ ಹಾಕಿಸಿ, ಮೂರು ಕಿಲೊ ಜೋಳ ತುಂಬಿದರೆ ಮುಗಿಯಿತು. ಪೂರ್ತಿ ಬಿಗಿಯಾಗಿ ತುಂಬಬಾರದು. ಮೂರನೇ ಎರಡು ಪಾಲು ತುಂಬಿದ ಚೀಲ ಮಾತ್ರ ಕಿಟಕಿಯ ಎರಡೂ ಬದಿಗೆ ಜೋತುಬಿದ್ದು ಲೆನ್ಸಿಗೆ ತೊಟ್ಟಿಲಾಗುತ್ತದೆ. ತೊಗರಿ ಬೇಳೆ ಜಾರುತ್ತದೆ, ಮತ್ತೆ ಆ ರೇಟಿಗೆ ಚೀಲದಾಗ ತುಂಬಲು ಮನಸ್ಸೂ ಬರುವುದಿಲ್ಲ. ದುಂಡಗಿನ ಜೋಳ ಕೂಡಿ ಗಟ್ಟಿಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ನುಸಿ ಹತ್ತದಂತೆ ಬಿಸಿಲಿಗೆ ಒಣಗಿಸಿ ಎರಡು ಹಿಡಿ ಒಣ ಬೇವಿನೆಲೆ ಹಾಕಿ. ಎರಡು ಕಿಲೊ ತೂಕದ 150–600 ಜೂಮ್ ಇದರ ಮೇಲೆ ಕುಳಿತಾಗ ಎಂಜಿನ್ ಆರಿರಬೇಕು, ಪಕ್ಕದವರು ಅಲುಗಬಾರದು. ಸ್ಟೆಬಿಲೈಸರ್ ಚಾಲೂ ಇರಲಿ, ಆದರೆ ಬಟನ್ ಅರ್ಧ ಒತ್ತಿ ಬಿಂಬ ನೆಲೆಯಾಗುವವರೆಗೆ ಒಂದು ಸೆಕೆಂಡು ಕಾಯಿರಿ. ಅದು ನಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಪ್ರಾಣಿಯ ಚಲನೆಯನ್ನಲ್ಲ.

ಹತ್ತಿರ ಹೋಗುವ ಬಗೆ. ಚಿಗರಿ ಟ್ರ್ಯಾಕ್ಟರ್, ಎತ್ತಿನ ಬಂಡಿ, ಬೈಕು ಎಲ್ಲ ನೋಡಿ ಒಗ್ಗಿದೆ. ನಡೆದು ಬರುವ ಮನುಷ್ಯನಿಗೆ 150–200 ಮೀಟರಿನಲ್ಲೇ ಓಡುತ್ತದೆ. ಬಂಡಿ ದಾರಿಯಲ್ಲಿ ನಿಧಾನ ಬರುವ ಕಾರಿಗೆ 60–80 ಮೀಟರ್ ತನಕ ಸುಮ್ಮನಿರುತ್ತದೆ. ಇದು ನನ್ನ ಅಂದಾಜು. ನಾಯಿ ಕಾಟ ಇರುವ ಕಡೆ ಇದರ ಎರಡು ಪಟ್ಟು ಹಿಡಿಯಿರಿ. ಗುಂಪಿನ ಕಡೆ ನೇರ ನುಗ್ಗಬಾರದು. ಪಕ್ಕದಲ್ಲಿ ಹಾದು ಹೋಗುವವರಂತೆ ಓರೆಯಾಗಿ ಸಾಗಿ, ಒಂದು ತಲೆ ಎದ್ದರೆ ನಿಲ್ಲಬೇಕು, ಅದು ಮತ್ತೆ ಹುಲ್ಲಿಗೆ ಬಗ್ಗಿದ ಮೇಲೆ ಹತ್ತಿಪ್ಪತ್ತು ಮೀಟರ್ ಮುಂದೆ. ಎಲ್ಲಾ ತಲೆಗಳೂ ಎದ್ದು ಕಿವಿ ನಮ್ಮ ಕಡೆ ತಿರುಗಿದರೆ ಆಟ ಮುಗಿಯಿತು, ಎಂಜಿನ್ ಆರಿಸಿ ಹತ್ತು ನಿಮಿಷ ಕೂಡಿರಿ. ಒಂದು ಹೆಣ್ಣು ನೆಟ್ಟಗೆ ಮೇಲಕ್ಕೆ ಜಿಗಿಯಿತೆಂದರೆ ಉಳಿದವೂ ಹಿಂದೆಯೇ ಜಿಗಿಯುತ್ತವೆ.

ಇದಕ್ಕಿಂತ ಸುಲಭದ ದಾರಿ, ನಾವೇ ಮೊದಲು ಹೋಗಿ ಕೂಡುವುದು. ಬೆದೆಯ ಕಾಲದಲ್ಲಿ, ಮಾರ್ಚ್–ಮೇ ಮತ್ತು ಆಗಸ್ಟ್–ಅಕ್ಟೋಬರ್ ತಿಂಗಳಲ್ಲಿ ಇದು ಜೋರು, ಬಲಿತ ಗಂಡು ತನ್ನ ಗಡಿಯೊಳಗೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಆ ರಾಶಿ ಹಸಿಯಾಗಿದ್ದರೆ ನಾಳೆಯೂ ಅಲ್ಲೇ ಬರುವುದು ಹೆಚ್ಚುಕಮ್ಮಿ ಖಾತ್ರಿ. ಹಿಂದಿನ ಸಂಜೆ ನೋಡಿಟ್ಟು, ಬೆಳಕು ಹರಿಯುವ ಮುಕ್ಕಾಲು ತಾಸು ಮೊದಲು ಸೂರ್ಯನನ್ನು ಬಲ ಅಥವಾ ಎಡ ಭುಜಕ್ಕೆ ಇಟ್ಟುಕೊಂಡು ಕಾರು ನಿಲ್ಲಿಸಿ. ಮೂಗು ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಬಾಲ ಸುರುಳಿ ಮಾಡಿ ನಡೆಯುವ ಗತ್ತು ಈ ಜಾಗದಲ್ಲೇ ಸಿಗುತ್ತದೆ, ಅಟ್ಟಿಸಿಕೊಂಡು ಹೋದವರಿಗಲ್ಲ.

ಬೆಳಕಿನ ಅಳತೆಯಲ್ಲಿ ಈ ಪ್ರಾಣಿ ಪಕ್ಕಾ ತಕರಾರಿನದು: ಮೇಲೆ ಕಾಡಿಗೆ ಕಪ್ಪು, ಹೊಟ್ಟೆ ಸುಣ್ಣದ ಬಿಳಿ. ಎರೆ ಹೊಲದ ಹಿನ್ನೆಲೆಯಲ್ಲಿ ಕ್ಯಾಮೆರಾ ಎಲ್ಲವನ್ನೂ ಬೂದು ಮಾಡಲು ಹೋಗಿ ಬಿಳಿಯನ್ನು ಸುಟ್ಟುಹಾಕುತ್ತದೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾದ ಬೆಳಕಿನ ಲೆಕ್ಕ ತಿದ್ದುವ ಗುಂಡಿ) ಮೈನಸ್ 0.7ರಿಂದ ಮೈನಸ್ 1 ಕೊಡಿ. ಒಣಗಿ ಬಿಳಚಿದ ಹುಲ್ಲಿನ ಮಡ್ಡಿಯಲ್ಲಿ ಅದೇ ಕ್ಯಾಮೆರಾ ಕತ್ತಲೆ ಮಾಡುತ್ತದೆ, ಪ್ಲಸ್ 0.3. ಬೀದರ್‌ನ ಕೆಂಪು ಮುರುಕಲ್ಲು ನೆಲದಲ್ಲಿ ಸೊನ್ನೆಯೇ ಸಾಕು. ಹಿಸ್ಟೊಗ್ರಾಂ (ಕಪ್ಪು-ಬಿಳಿಯ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಒತ್ತಿಕೊಳ್ಳದಂತೆ ನೋಡಿಕೊಂಡು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಕಡತ) ಕಪ್ಪನ್ನು ಎತ್ತಬಹುದು. ಸುಟ್ಟ ಬಿಳಿ ಮರಳಿ ಬರುವುದಿಲ್ಲ. ಮ್ಯಾನ್ಯುಯಲ್ ಮೋಡ್, ಅಪರ್ಚರ್ ಎಫ್ 6.3, ಷಟರ್ ನಿಂತ ಪ್ರಾಣಿಗೆ 1/1000 ಸೆಕೆಂಡು, ಓಡುವುದಕ್ಕೆ 1/2500, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) ಆಟೊ. ಸೂರ್ಯ ಮೂಡಿದ ಗಳಿಗೆಯಲ್ಲಿ ಐಎಸ್‌ಒ 2000ದ ಆಸುಪಾಸು ಬರುತ್ತದೆ, ಅರ್ಧ ತಾಸಿಗೆ 640ಕ್ಕೆ ಇಳಿಯುತ್ತದೆ. ನೊಯ್ಸ್‌ಗೆ (ಹೆಚ್ಚು ಐಎಸ್‌ಒದಲ್ಲಿ ಚಿತ್ರ ಕಾಳುಕಾಳಾಗುವುದು) ಹೆದರಿ 1/250ಕ್ಕೆ ಇಳಿಯುವುದು ದಡ್ಡತನ; ಮೇಯುವ ಚಿಗರಿಯ ತಲೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ.

ಫೋಕಸ್ ವಿಷಯದಲ್ಲಿ ಎರಡೇ ಮಾತು. 600 ಮಿ.ಮೀ., ಎಫ್ 6.3ರಲ್ಲಿ, ಕ್ರಾಪ್ ಸೆನ್ಸರ್ ಲೆಕ್ಕಕ್ಕೆ, 60 ಮೀಟರಿಗೆ ಚೂಪಾಗಿ ಕಾಣುವ ಆಳ ಸುಮಾರು ಎರಡೂವರೆ ಮೀಟರ್, 30 ಮೀಟರಿಗೆ 60 ಸೆಂ.ಮೀ.ಗಿಂತ ತುಸು ಹೆಚ್ಚು. ಅಂದರೆ ಮುಂದಿನ ಹುಲ್ಲಿನ ಕಡ್ಡಿಗೆ ಫೋಕಸ್ ಹಿಡಿದರೆ ಪ್ರಾಣಿ ಹೋಯಿತು. ಅದಕ್ಕೆ ಒಂದೇ ಸಣ್ಣ ಪಾಯಿಂಟ್, ಕಣ್ಣಿನ ಮೇಲೆ. ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಲೆನ್ಸಿನ ಲಿಮಿಟರ್ ಸ್ವಿಚ್ 10 ಮೀಟರ್‌ನಿಂದ ಅನಂತಕ್ಕೆ. ಬಿಂಬವನ್ನು 1.4 ಪಟ್ಟು ಹಿಗ್ಗಿಸುವ ಟೆಲಿಕನ್ವರ್ಟರ್ ನಾನು ಬಳಸುವುದಿಲ್ಲ: ಒಂದು ಸ್ಟಾಪ್ (ಅರ್ಧದಷ್ಟು) ಬೆಳಕು ಹೋಗಿ ಎಫ್ 9 ಆಗುತ್ತದೆ, ಫೋಕಸ್ ತಡಕಾಡುತ್ತದೆ, ಕುದಿತ ಇನ್ನೂ ಎದ್ದು ಕಾಣುತ್ತದೆ.

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಧಾಮ 2011ರಲ್ಲಿ ಘೋಷಣೆಯಾದದ್ದು. ಅಲ್ಲಿ ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೀದರ್ ಪಕ್ಕದ ಹೊನ್ನಿಕೇರಿ ಕಾದಿಟ್ಟ ಅರಣ್ಯಕ್ಕೂ ಮೊದಲು ಕೇಳಿಕೊಂಡೇ ಹೋಗಿ. ಹೊಲವಾದರೆ ಹೊಲದವರ ಒಪ್ಪಿಗೆ. ಚಿಗರಿ ಕಡಲೆ ಮೇದರೆ ನಷ್ಟ ಅವರದು, ಅವರೆದುರು ‘ಎಷ್ಟು ಚಂದ’ ಎನ್ನುವ ಮೊದಲು ಅದು ನೆನಪಿರಲಿ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಮರಿಗಳನ್ನು ತಾಯಿ ಹುಲ್ಲಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಒಂಟಿ ಮರಿ ಕಂಡರೆ ‘ತಬ್ಬಲಿ’ ಎಂದು ಹತ್ತಿರ ಹೋದರೆ ಊರ ನಾಯಿಗಳಿಗೆ ದಾರಿ ತೋರಿಸಿದಂತೆ. ಫೋಟೊ ಹಂಚುವಾಗ ಜಿಪಿಎಸ್ ಮಾಹಿತಿ ತೆಗೆದುಹಾಕಿ, ತಾಲ್ಲೂಕಿನ ಹೆಸರಿಗಿಂತ ಹತ್ತಿರದ ಗುರುತು ಕೊಡಬೇಡಿ.

ಮಳೆ ಬಿದ್ದ ಮರುದಿನ ಎರೆ ಹೊಲದ ಬಂಡಿ ದಾರಿಗೆ ಕಾರು ಇಳಿಸಬೇಡಿ. ಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬಿ ನಿಂತುಬಿಡುತ್ತದೆ, ಎಳೆಯಲು ಟ್ರ್ಯಾಕ್ಟರೇ ಬೇಕು. ಅಂಥ ದಿನ ನೀರು ಬೇಗ ಇಂಗುವ ಬೀದರ್‌ನ ಕೆಂಪು ನೆಲವೇ ವಾಸಿ. ಬೇಸಗೆಯಲ್ಲಿ ಅದೇ ಎರೆ, ಪುಡಿಯಾಗಿ ಜೂಮ್ ಕೊಳವೆಯೊಳಗೆ ಸೇರುತ್ತದೆ. ಲೆನ್ಸ್ ಪೂರ್ತಿ ಹೊರಚಾಚಿ, ಬಾಯಿ ಕೆಳಗೆ ಮಾಡಿ, ಬ್ರಷ್ಷಿನಿಂದ ಕೊಳವೆ ಒರೆಸಿದ ಮೇಲಷ್ಟೇ ಒಳಕ್ಕೆ ಎಳೆಯಿರಿ. ಒದ್ದೆ ಬಟ್ಟೆ ಬೇಡ, ಎರೆ ಅಂಟಾಗುತ್ತದೆ.